ಬೋನಾಳದ ಹಕ್ಕಿ, ಬೆಂಗಳೂರಿನ ಗಿಟಾರು

ಸುರಪುರ ತಾಲೂಕಿನ ಬೋನಾಳ ಕೆರೆ ನೋಡಿದ್ದೀರಾ? ನಾಯಕ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ಚಳಿಗಾಲ ಬಂತೆಂದರೆ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. 'ನೀನು ಪರದೇಶದ್ದು, ನಡಿ ಇಲ್ಲಿಂದ' ಅಂತ ಯಾರೂ ಓಡಿಸಲ್ಲ. ಆದರೆ ವೇದಿಕೆ ಮೇಲೆ ಗಿಟಾರು, ಡ್ರಮ್ಸು ಕಂಡ ಕೂಡಲೇ ಕೆಲವರಿಗೆ ಸಂಸ್ಕೃತಿ ನೆನಪಾಗುತ್ತೆ. 'ಇದು ನಮ್ಮದಲ್ಲ ಸ್ವಾಮಿ!'

ಹಾಗಾದರೆ ಯಾವುದು ನಮ್ಮದು? ಹಳ್ಳಿಯ ಭಜನೆ ಹಾರ್ಮೋನಿಯಂ ಇಲ್ಲದೆ ನಡೆಯುತ್ತಾ? ಆ ಪೆಟ್ಟಿಗೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಕಛೇರಿಯ ಪಿಟೀಲು? ಅದೂ ಯುರೋಪಿನದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ಇನ್ನೂ ಮುಂದೆ ಹೋಗಿ ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದು ಮಾಡಿದರು. ಇವತ್ತು ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ.

ಈಗ ಬ್ಯಾಂಡಿನ ಕಥೆಗೆ ಬರೋಣ. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪ್ರೋಗ್ರೆಸಿವ್ ರಾಕ್ ಅನ್ನೋದು ಶುರುವಾಯಿತು. ಮೂರು ನಿಮಿಷಕ್ಕೆ ಹಾಡು ಮುಗಿಯಬೇಕು ಅನ್ನೋ ಕಟ್ಟು ಮುರಿದು, ಹತ್ತು-ಇಪ್ಪತ್ತು ನಿಮಿಷ ಬೆಳೆಸಿ, ನಡುವೆ ತಾಳ ಬದಲಿಸಿ ನುಡಿಸುವ ಸಂಗೀತ. ರಾಗ-ತಾನ-ಪಲ್ಲವಿ ಕೇಳಿ ಬೆಳೆದ ಕಿವಿಗೆ ಇದೇನು ಹೊಸದಾ? 2002ರಲ್ಲಿ ಪಿಂಕ್ ಫ್ಲಾಯ್ಡ್ ಖ್ಯಾತಿಯ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಮರುವರ್ಷ, 2003ರಲ್ಲಿ, ಇದೇ ಊರಲ್ಲಿ 'ಅಗಂ' ಹುಟ್ಟಿತು. ಅಗಂ ಅಂದರೆ ತಮಿಳಿನಲ್ಲಿ ಒಳಗು, ಅಂತರಂಗ.

ಇವರು ಯಾರು? ವಾರವಿಡೀ ಕಂಪ್ಯೂಟರ್ ಮುಂದೆ ದುಡಿದು, ಶನಿವಾರ-ಭಾನುವಾರ ತಾಲೀಮು ಮಾಡುತ್ತಿದ್ದ ಹುಡುಗರು. ಹಾಡುಗಾರ ಹರೀಶ್ ಶಿವರಾಮಕೃಷ್ಣನ್ ಕೈಯಲ್ಲಿ ಅದೇ ಪಿಟೀಲು! 2007ರಲ್ಲಿ ಎ.ಆರ್. ರೆಹಮಾನ್ ತೀರ್ಪುಗಾರರಾಗಿದ್ದ 'ಊ ಲಾ ಲಾ ಲಾ' ಟಿವಿ ಸ್ಪರ್ಧೆ ಗೆದ್ದರು. ಟಿವಿಯನ್ನು ಬಯ್ಯೋರು ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಲಿ. ಆದರೆ ಗೆದ್ದ ಮೇಲೂ ಅವಸರ ಮಾಡಲಿಲ್ಲ. ಮೊದಲ ಆಲ್ಬಂ ಬಂದಿದ್ದು 2012ರಲ್ಲಿ, ಎರಡನೆಯದು 2017ರಲ್ಲಿ. ತ್ಯಾಗರಾಜರ ಹಂಸನಾದ ರಾಗದ 'ಬಂಟುರೀತಿ' ಇವರ ಕೈಯಲ್ಲಿ 'ಸ್ವಾನ್ಸ್ ಆಫ್ ಸರಸ್ವತಿ' ಆಯಿತು. ಸುತ್ತ ಗಿಟಾರು ಗುಡುಗಿದರೂ ರಾಗ ಅಲ್ಲಿಯೇ ಇದೆ.

ಮಡಿವಂತರಿಗೆ ಇದು ಹಿಡಿಸದೇ ಇರಬಹುದು. ನನ್ನ ತಕರಾರು ಬೇರೆ. ಬೆಂಗಳೂರನ್ನು ದೇಶದ ರಾಕ್ ರಾಜಧಾನಿ ಅಂತೀವಿ. ಅಗಂ ಹೆಸರು ಮಾಡಿದ್ದು ತೆಲುಗಿನ ಕೃತಿಗಳಿಂದ, ಮಲಯಾಳಂ ಹಾಡುಗಳಿಂದ. ಅದು ಅವರ ತಪ್ಪಲ್ಲ, ಅವರ ಮನೆಯಲ್ಲಿದ್ದದ್ದನ್ನು ಅವರು ತಂದರು. ನಮ್ಮ ಮನೆಯಲ್ಲಿದ್ದದ್ದನ್ನು ನಾವು ತಂದೆವಾ? ಮೈಸೂರಿನ ರಘು ದೀಕ್ಷಿತ್ ತಂದರು. 2008ರ ಅವರ ಆಲ್ಬಂನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಗಿಟಾರಿನ ಜೊತೆ ಬಂತು. ಬೇರೆ ಊರಿನ, ಬೇರೆ ಭಾಷೆಯ ಹುಡುಗರೂ ಅದಕ್ಕೆ ದನಿಗೂಡಿಸಿ ಕುಣಿದರು.

ನಮ್ಮ ಕಲ್ಯಾಣ ಕರ್ನಾಟಕದಲ್ಲಿ ತತ್ವಪದಗಳಿಗೆ ಬರವಾ? ಅಮಾವಾಸ್ಯೆ ಭಜನೆಯಲ್ಲಿ, ಏಕತಾರಿಯ ಮೇಲೆ, ಇವತ್ತಿಗೂ ಹಾಡುವವರಿದ್ದಾರೆ. ಕೇಳುವ ಮೊಮ್ಮಕ್ಕಳು ಮಾತ್ರ ಕೆಲಸ ಹುಡುಕಿಕೊಂಡು ಬೆಂಗಳೂರು ಬಸ್ಸು ಹತ್ತಿದ್ದಾರೆ. ಅವರಲ್ಲೊಬ್ಬ ನಾಳೆ ಗಿಟಾರು ಹಿಡಿದರೆ ಬಯ್ಯಬೇಡಿ. ಅಜ್ಜನ ಪದ ನಾಲ್ಕು ಕಲಿಸಿ ಕಳಿಸಿ. ಕೆರೆಯಲ್ಲಿ ನೀರಿದ್ದರೆ ತಾನೇ ಹಕ್ಕಿ ಬರೋದು?