ಡಿ-ಡೈಮರ್: ‘ಇಲ್ಲ’ ಅಂತ ಹೇಳೋಕೆ ಬಂದ ಟೆಸ್ಟ್

2021ರ ಕೋವಿಡ್ ಎರಡನೇ ಅಲೆ ನೆನಪಿದ್ಯಾ? ಅಮ್ಮನ ರಿಪೋರ್ಟ್‌ನಲ್ಲಿ ಡಿ-ಡೈಮರ್ ಪಕ್ಕ ‘ಹೈ’ ಅಂತಿತ್ತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತಲೇ ಅಂದ್ಕೊಂಡು ಇಡೀ ರಾತ್ರಿ ನಿದ್ದೆ ಮಾಡಿರಲಿಲ್ಲ. ಈ ಟೆಸ್ಟಿನ ಕಥೆ ಆಗ ಗೊತ್ತಿರಬೇಕಿತ್ತು. ಈಗ ನಿಮಗೆ ಹೇಳ್ತೀನಿ, ಕೇಳಿ.

1️⃣ 1840ರ ದಶಕ, ಬರ್ಲಿನ್. ಶವಪರೀಕ್ಷೆ ಮಾಡ್ತಿದ್ದ ರುಡಾಲ್ಫ್ ವಿರ್ಕೋ ಒಂದು ವಿಷಯ ತೋರಿಸಿಕೊಟ್ಟ: ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಗಡ್ಡೆ ಅಲ್ಲೇ ಹುಟ್ಟಿದ್ದಲ್ಲ, ಕಾಲಿನಂಥ ದೂರದ ರಕ್ತನಾಳಗಳಿಂದ ಹರಿದು ಬಂದದ್ದು. ಸರಿ, ಆದ್ರೆ ಅದು ಗೊತ್ತಾಗ್ತಿದ್ದದ್ದು ಸತ್ತ ಮೇಲೆ!

2️⃣ 1960, ಇಂಗ್ಲೆಂಡಿನ ಬ್ರಿಸ್ಟಲ್. ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಟ್ಟು ನೋಡಿದರು. ಔಷಧಿ ಸಿಗದ 19 ಜನರಲ್ಲಿ 5 ಮಂದಿ ಈ ಕಾಯಿಲೆಯಿಂದಲೇ ಸತ್ತರು. ಔಷಧಿ ಸಿಕ್ಕ 16 ಜನರಲ್ಲಿ ಇದರಿಂದ ಒಬ್ಬರೂ ಸಾಯಲಿಲ್ಲ. ಹಾಗಂತ ಎದೆನೋವು ಅಂದವರಿಗೆಲ್ಲ ಆ ಔಷಧಿ ಕೊಟ್ಟರೆ ರಕ್ತಸ್ರಾವದ ಅಪಾಯ. ಯಾರಿಗೆ ಇದೆ, ಯಾರಿಗೆ ಇಲ್ಲ? ಇಲ್ಲೇ ಜೀವದ ಪ್ರಶ್ನೆ.

3️⃣ ಗಡ್ಡೆಯನ್ನು ಹಿಡಿದಿಡೋದು ಫೈಬ್ರಿನ್ ಎಂಬ ನಾರು. ದೇಹ ಅದನ್ನು ಕರಗಿಸಿದಾಗ ಉಳಿಯೋ ಚೂರೇ ಡಿ-ಡೈಮರ್. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸಂಶೋಧಕರು ಈ ಚೂರನ್ನು ಗುರುತಿಸೋ ಪ್ರತಿಕಾಯ ತಯಾರಿಸಿದರು. ಆದ್ರೆ ಸೋಂಕು, ಗರ್ಭಧಾರಣೆ, ಆಪರೇಷನ್, ವಯಸ್ಸು... ಇವುಗಳಲ್ಲೂ ಅದು ಏರುತ್ತೆ. ‘ಹೈ’ ಅಂದ ಮಾತ್ರಕ್ಕೆ ಗಡ್ಡೆ ಇದೆ ಅಂತಲ್ಲ.

4️⃣ ಹಾಗಾದ್ರೆ ಏನು ಉಪಯೋಗ? 2001ರಲ್ಲಿ ಕೆನಡಾದ ಫಿಲಿಪ್ ವೆಲ್ಸ್ ತಂಡ ಉತ್ತರ ಕೊಟ್ಟಿತು. ಸಂಶಯ ಇದ್ದ 930 ರೋಗಿಗಳನ್ನು ಮೊದಲು ಪರೀಕ್ಷಿಸಿ ಅಂಕ ಹಾಕಿದರು, ಆಮೇಲೆ ರಕ್ತ ನೋಡಿದರು. ಅಂಕವೂ ಕಡಿಮೆ, ಡಿ-ಡೈಮರ್ ಕೂಡ ನೆಗೆಟಿವ್ ಬಂದವರು 437 ಮಂದಿ. ಅವರಲ್ಲಿ ಮುಂದೆ ಕಾಯಿಲೆ ಕಾಣಿಸಿದ್ದು ಒಬ್ಬರಿಗೆ ಮಾತ್ರ! ಹೆಚ್ಚುಕಡಿಮೆ ಅರ್ಧ ಜನಕ್ಕೆ ಸ್ಕ್ಯಾನಿಂಗೇ ಬೇಕಾಗಲಿಲ್ಲ.

5️⃣ ಬಿಕಾಂನವರಿಗೆ ಇದು ಸುಲಭ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂದ್ರೆ ತಪ್ಪು ಇದ್ದೇ ಇದೆ. ಟ್ಯಾಲಿ ಆಯ್ತು ಅಂದ್ರೆ ಎಲ್ಲ ಸರಿ ಅಂತೇನೂ ಅಲ್ಲ. ಒಂದು ಕಡೆಗೆ ಮಾತ್ರ ಗಟ್ಟಿ ಸಾಕ್ಷಿ. ಡಿ-ಡೈಮರ್ ಕೂಡ ಹಾಗೇ: ‘ಇಲ್ಲ’ ಅಂದಾಗ ಅದರ ಮಾತಿಗೆ ತೂಕ ಜಾಸ್ತಿ. ಅದೂ ವೈದ್ಯರು ಮೊದಲು ರೋಗಿಯನ್ನು ನೋಡಿದ್ದರೆ ಮಾತ್ರ.

ಅಮ್ಮ ಹುಷಾರಾದರು. ಅವತ್ತು ನಾನು ಸಂಖ್ಯೆ ನೋಡಿದ್ದೆ, ಡಾಕ್ಟರ್ ಅಮ್ಮನನ್ನು ನೋಡಿದ್ದರು. ವ್ಯತ್ಯಾಸ ಅಷ್ಟೇ. ಯಾರಿಗಾದ್ರೂ ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ ಲ್ಯಾಬ್ ಹುಡುಕಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ನಿಮ್ಮ ಮನೇಲೂ ಇಂಥ ರಿಪೋರ್ಟ್ ರಾತ್ರಿ ಇತ್ತಾ? ಕಾಮೆಂಟ್‌ನಲ್ಲಿ ಹೇಳಿ.

#ಕನ್ನಡ #ಇತಿಹಾಸ #ಡಿಡೈಮರ್