ನೋಯದ ಕಾಲಿನ ಚರಿತ್ರೆ

ರೋಗವೆಂದರೆ ನೋವು, ನೋವಿಲ್ಲದಿದ್ದರೆ ಆರೋಗ್ಯ ಎಂಬುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ನಂಬಿಕೆ. ಹಲ್ಲುನೋವು, ತಲೆಶೂಲೆ ಬಂದಾಗ ವೈದ್ಯರನ್ನು ಹುಡುಕಿಕೊಂಡು ಹೋಗುತ್ತೇವೆ; ನೋಯದ ಅಂಗದ ಗೊಡವೆ ಯಾರಿಗೂ ಬೇಡ. ಮಧುಮೇಹವು ಈ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ. ಕಲಬುರಗಿಯ ಕಡೆ ‘ಸಕ್ಕರಿ ಬ್ಯಾನಿ’ ಎನ್ನುವ ಈ ರೋಗ ಬಹುಕಾಲ ಇದ್ದವರಲ್ಲಿ ಅನೇಕರಿಗೆ ಪಾದ ಮೊದಲು ಜುಮುಗುಡುತ್ತದೆ, ರಾತ್ರಿಯ ಹೊತ್ತು ಉರಿಯುತ್ತದೆ. ಆಮೇಲೆ ಎಂದೋ ಒಂದು ದಿನ ಉರಿ ತಾನಾಗಿಯೇ ಕಡಿಮೆಯಾಗುತ್ತದೆ. ಗುಣವಾಯಿತೆಂದು ಮನೆಯವರು ಸಮಾಧಾನಪಡುತ್ತಾರೆ. ಎಷ್ಟೋ ವೇಳೆ ಆಗಿರುವುದೇ ಬೇರೆ: ಸುದ್ದಿ ತರಬೇಕಾದ ನರ ಮೂಕವಾಗಿರುತ್ತದೆ.

ಇಂಥ ನರಹಾನಿ ಮಧುಮೇಹಿಗಳಲ್ಲಿ ಎಷ್ಟು ಜನರಿಗೆ ಇದೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಅದಕ್ಕೆ ಉತ್ತರ ಸಿಗಲು ವೈದ್ಯಲೋಕಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯನ್ನು ಅರಿತರೆ ನಮ್ಮ ಮನೆಯಲ್ಲಿ ಏನು ಮಾಡಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು, ಎಂದರೆ ರೋಗ ಬಲಿಯುವುದಕ್ಕೆ ಮುಂಚೆ ಕಾಣುವ ಚಿಹ್ನೆಗಳನ್ನು, ಪಟ್ಟಿ ಮಾಡಿದ್ದಾರೆ. ಮೂತ್ರಕ್ಕೆ ಇರುವೆ ಮುತ್ತುವ ಸಂಗತಿ ಅಲ್ಲಿರುವುದು ಅನೇಕರಿಗೆ ಗೊತ್ತು. ಅದೇ ಪಟ್ಟಿಯಲ್ಲಿ ಕೈಕಾಲುಗಳ ಮರವು ಮತ್ತು ಉರಿ ಇವೆರಡೂ ಸೇರಿವೆಯೆಂಬುದನ್ನು ಗಮನಿಸಿದವರು ಕಡಿಮೆ. ಇರುವೆಯನ್ನು ನಾವು ನೆನಪಿನಲ್ಲಿಟ್ಟುಕೊಂಡೆವು, ಮರವನ್ನು ಮರೆತೆವು.

ಈ ವೈದ್ಯಪರಂಪರೆಗೆ ಕಲಬುರಗಿ ಸೀಮೆ ಹೊರಗಿನದಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದರೆ ಈ ಜಿಲ್ಲೆಯ ಮಳಖೇಡವೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನಾಚಾರ್ಯ ಉಗ್ರಾದಿತ್ಯನು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದನು. ಮದ್ಯ, ಮಾಂಸ, ಜೇನುಗಳನ್ನು ಬಿಟ್ಟು ಚಿಕಿತ್ಸೆ ಹೇಳಿದ್ದು ಅದರ ವೈಶಿಷ್ಟ್ಯ. ಪ್ರಮೇಹಕ್ಕೂ ಅದರಲ್ಲಿ ಸ್ಥಾನವಿದೆ. ಹೀಗೆ ಬಲ್ಲವರಿಗೆ ಲಕ್ಷಣ ಗೊತ್ತಿತ್ತು. ಅದು ನೂರಕ್ಕೆ ಎಷ್ಟು ಜನರಿಗೆ ಬರುತ್ತದೆಂದು ಎಣಿಸುವ ಪದ್ಧತಿ ಮಾತ್ರ ಆಗ ಯಾವ ದೇಶದಲ್ಲಿಯೂ ಇರಲಿಲ್ಲ.

ಯೂರೋಪಿನಲ್ಲಿ ಈ ವಿಷಯ ವಿಚಿತ್ರವಾದ ತಿರುವು ಪಡೆಯಿತು. 1798ರಲ್ಲಿ ಜಾನ್ ರೋಲೊ ಎಂಬ ವೈದ್ಯರು ಮಧುಮೇಹಿಗಳ ಕಾಲುನೋವು, ಜುಮುಗುಡುವಿಕೆಗಳನ್ನು ಬರೆದಿಟ್ಟರು. ಆದರೆ 1849ರಲ್ಲಿ ಫ್ರಾನ್ಸಿನ ಪ್ರಸಿದ್ಧ ವಿಜ್ಞಾನಿ ಕ್ಲೋದ್ ಬರ್ನಾರ್ ಮೊಲದ ಮಿದುಳಿನ ಬುಡದ ಒಂದು ಜಾಗಕ್ಕೆ ಸೂಜಿ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಅಂದಮೇಲೆ ನರಮಂಡಲ ಕೆಟ್ಟದ್ದರಿಂದಲೇ ಮಧುಮೇಹ ಬರುತ್ತದೆಂದು ಪಂಡಿತರು ತೀರ್ಮಾನಿಸಿದರು. 1864ರಲ್ಲಿ ಮಾರ್ಶಲ್ ದ ಕಾಲ್ವಿ ಎಂಬ ಮತ್ತೊಬ್ಬ ಫ್ರೆಂಚ್ ವೈದ್ಯರು, ನರ ಕೆಟ್ಟು ಮಧುಮೇಹ ಬರುವುದಲ್ಲ, ಮಧುಮೇಹದಿಂದಲೇ ನರ ಕೆಡುತ್ತದೆ ಎಂದು ಕಾರ್ಯಕಾರಣವನ್ನು ಅದಲುಬದಲು ಮಾಡಿದರು. 1884ರಲ್ಲಿ ಬುಶಾರ್ ಎಂಬವರು ಇಂಥವರ ಮಂಡಿಯ ಕೆಳಗೆ ತಟ್ಟಿದರೆ ಕಾಲು ಚಿಮ್ಮದಿರುವುದನ್ನು ಕಂಡರು. ಮರುವರ್ಷ ಲಂಡನ್ನಿನ ಪೇವಿ, ಭಾರವಾದ ಕಾಲು, ಮರಗಟ್ಟಿದ ಪಾದ, ರಾತ್ರಿಯಲ್ಲಿ ಹೆಚ್ಚುವ ನೋವು ಇವನ್ನೆಲ್ಲ ಒಟ್ಟಿಗೆ ವರ್ಣಿಸಿದರು.

ಪಾದವೇ ಏಕೆ ಮೊದಲು? ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ಇಷ್ಟು ಉದ್ದದ ಎಳೆಗೆ ಪೋಷಣೆ ತಲಪಿಸುವುದು ದೇಹಕ್ಕೆ ಸುಲಭದ ಕೆಲಸವಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿ ನಿಂತಾಗ ನರದೊಳಗಿನ ರಾಸಾಯನಿಕ ವ್ಯವಹಾರ ಕೆಡುತ್ತದೆ. ನರವನ್ನು ಸಾಕುವ ಕೂದಲಿಗಿಂತ ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. ಅತಿ ಉದ್ದದ ಎಳೆಯ ತುದಿ ಮೊದಲು ಬಾಡುತ್ತದೆ. ಅಲ್ಲಿಂದ ಮರವು ಕಾಲುಚೀಲ ತೊಟ್ಟಂತೆ ಮೇಲಕ್ಕೆ ಏರುತ್ತದೆ. ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ರೇಡಿಯೊ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿಯಲ್ ತಂತಿ ಸವೆಯುವಾಗ ಮೊದಲು ಗೊರಗೊರ ಸದ್ದು, ಕಡಿದಮೇಲೆ ನಿಶ್ಶಬ್ದ. ನಿಲಯದವರು ಅಪಾಯದ ಸೂಚನೆ ಬಿತ್ತರಿಸುತ್ತಲೇ ಇರಬಹುದು. ಪೆಟ್ಟಿಗೆಗೆ ಅದು ಮುಟ್ಟುವುದಿಲ್ಲ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಮುಂಚೆ ತೀವ್ರ ಮಧುಮೇಹ ಬಂದ ಮಕ್ಕಳೂ ಎಳೆಯರೂ ಬಹುದಿನ ಬದುಕುತ್ತಿರಲಿಲ್ಲ. ಇನ್ಸುಲಿನ್ ಅವರಿಗೆ ಆಯುಸ್ಸನ್ನು ಕೊಟ್ಟಿತು. ಆಯುಸ್ಸಿನ ಜೊತೆಗೆ ನಿಧಾನವಾಗಿ ಬೆಳೆಯುವ ತೊಡಕುಗಳೂ ಬೆಳಕಿಗೆ ಬಂದವು. ಈಗ ಎಣಿಸುವುದು ಸಾಧ್ಯವಾಯಿತು, ಅವಶ್ಯವೂ ಆಯಿತು. ಬೆಲ್ಜಿಯಂ ದೇಶದ ವೈದ್ಯ ಜಾನ್ ಪಿರಾರ್ 1947ರಿಂದ 1973ರವರೆಗೆ 4,400 ಮಧುಮೇಹಿಗಳನ್ನು ಪರೀಕ್ಷಿಸುತ್ತ ಬಂದರು. ರೋಗ ಗೊತ್ತಾದ ಹೊತ್ತಿಗೆ ನೂರಕ್ಕೆ ಏಳೆಂಟು ಜನರಿಗೆ ನರಹಾನಿ ಇತ್ತು. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಅದು ಅರ್ಧದಷ್ಟು ಜನರಲ್ಲಿ ಕಂಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಷ್ಟು ಜನರಿಗೆ ಎಂಬ ಸಂಖ್ಯೆಯು ನಾವು ಹೇಗೆ ಕೇಳುತ್ತೇವೆಂಬುದನ್ನು ಹೊಂದಿಕೊಂಡಿದೆ. ‘ಕಾಲು ನೋಯುತ್ತದೆಯೆ?’ ಎಂದಷ್ಟೇ ಕೇಳಿದರೆ ಒಂದು ಲೆಕ್ಕ. ಕಂಪಿಸುವ ಶ್ರುತಿಕವಲನ್ನು ಹೆಬ್ಬೆರಳಿಗೆ ಮುಟ್ಟಿಸಿದರೆ ಇನ್ನೊಂದು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿದರೆ ಮತ್ತೊಂದು. ನರಹಾನಿಯಾದವರಲ್ಲಿ ಅರ್ಧದಷ್ಟು ಜನರಿಗೆ ಯಾವ ತೊಂದರೆಯೂ ತೋರದೆ ಇರಬಹುದೆಂದು ಈಗ ವೈದ್ಯರು ಒಪ್ಪಿದ್ದಾರೆ. ದೂರು ಹೇಳಿದವರನ್ನು ಮಾತ್ರ ಎಣಿಸಿದರೆ ಉಳಿದರ್ಧ ಲೆಕ್ಕಕ್ಕೇ ಸಿಗುವುದಿಲ್ಲ. ಚೆನ್ನೈ ನಗರದಲ್ಲಿ ಕಂಪನವನ್ನು ಅಳೆಯುವ ಯಂತ್ರ ಹಿಡಿದು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ ಮಧುಮೇಹಿಗಳಲ್ಲಿ ನೂರಕ್ಕೆ ಸುಮಾರು 26 ಜನರಿಗೆ ನರಹಾನಿ ಇತ್ತು. ಮಧುಮೇಹವಿದೆಯೆಂದು ಆಗಷ್ಟೇ ಗೊತ್ತಾದವರಲ್ಲಿಯೂ ಐವರಲ್ಲಿ ಒಬ್ಬರಿಗೆ ಅದು ಆಗಲೇ ಬಂದಿತ್ತು. ಚರಕರು ಮರವನ್ನು ಪೂರ್ವರೂಪಗಳ ಸಾಲಿಗೆ ಸೇರಿಸಿದ್ದು ಇಲ್ಲಿ ನೆನಪಾಗುತ್ತದೆ.

ನೋವಿಲ್ಲದಿರುವುದರ ಅಪಾಯವನ್ನು ಜಗತ್ತಿಗೆ ಕಲಿಸಿದ ಪಾಠಶಾಲೆ ದಕ್ಷಿಣ ಭಾರತದಲ್ಲಿಯೇ ಇತ್ತು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಬೆರಳು ಏಕೆ ಸವೆಯುತ್ತವೆಂದು ಹುಡುಕಹೊರಟರು. ರೋಗಾಣು ಮಾಂಸವನ್ನು ಕೊಳೆಸುತ್ತದೆಂಬುದು ಆಗಿನ ಭಾವನೆ. ಸ್ಪರ್ಶಜ್ಞಾನ ಹೋದ ಕೈಕಾಲಿಗೆ ಸುಟ್ಟಗಾಯ, ಚುಚ್ಚುಗಾಯ, ಒತ್ತುಗಾಯ ಆದದ್ದೇ ತಿಳಿಯದೆ ಹುಣ್ಣು ಬಲಿಯುವುದೇ ಮೂಲವೆಂದು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದವರ ಬೆರಳನ್ನು ಇಲಿ ಕಡಿಯುವುದೂ ಪತ್ತೆಯಾಯಿತು. ರೋಗಿಗಳಿಗೆ ಔಷಧದ ಜೊತೆಗೆ ಬೆಕ್ಕುಗಳನ್ನೂ ಕೊಡಬೇಕಾಯಿತು! ಬ್ರಾಂಡ್ 1966ರಲ್ಲಿ ಅಮೆರಿಕೆಗೆ ಹೋದಮೇಲೆ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಅಂಗಾಲಿಗೆ ಮೆತ್ತಗಿರುವ ರಬ್ಬರು ಚಪ್ಪಲಿ ಇಂದು ಎರಡೂ ರೋಗದವರ ಕಾಲನ್ನು ಕಾಯುತ್ತಿದೆ.

ಈಗ ಕಲಬುರಗಿಯ ಕಡೆಗೆ ಬರೋಣ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಜಿಲ್ಲೆಗೆ ತನ್ನದೇ ವೈದ್ಯಕೀಯ ಕಾಲೇಜು ದೊರೆತದ್ದು 1963ರಲ್ಲಿ. ಅದು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ಕಾಲೇಜು. ಸರ್ಕಾರಿ ಕಾಲೇಜು ಅದಾದ ಅರ್ಧಶತಮಾನಕ್ಕೆ ಬಂದಿತು. ನಗರದಲ್ಲಿ ಇಂದು ತಜ್ಞರಿಗೆ ಕೊರತೆಯಿಲ್ಲ. ಆದರೆ ತಜ್ಞರ ಮುಂದೆ ಪಾದ ಚಾಚುವವರು ಬೇಕಲ್ಲ! ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿನ ರೈತನು ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುತ್ತದೆ. ನರ ನೆಟ್ಟಗಿರುವವನು ಅಲ್ಲಿಯೇ ಕೂತು ಮುಳ್ಳು ಕೀಳುತ್ತಾನೆ. ನರ ಸತ್ತವನು ಸಂಜೆಯವರೆಗೂ ಅದರ ಮೇಲೆಯೇ ನಡೆಯುತ್ತಾನೆ. ನಗರದಲ್ಲಾದರೋ ಶರಣಬಸವೇಶ್ವರ ದೇವಾಲಯಕ್ಕೂ ಖ್ವಾಜಾ ಬಂದೇ ನವಾಜರ ದರ್ಗಾಕ್ಕೂ ಪಾದರಕ್ಷೆ ಬಿಟ್ಟೇ ಹೋಗಬೇಕು. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಕಾದ ಕಲ್ಲು ಮರಗಟ್ಟಿದ ಅಂಗಾಲನ್ನು ಸುಟ್ಟರೂ ಭಕ್ತನಿಗೆ ತಿಳಿಯುವುದಿಲ್ಲ. ಬೆಳಗಿನ ತಂಪಿನಲ್ಲೋ ಸಂಜೆಯೋ ಹೋದರೆ ಭಕ್ತಿಗೇನೂ ಊನವಿಲ್ಲ.

ಚೆನ್ನೈಯ ಲೆಕ್ಕವನ್ನೇ ಇಲ್ಲಿಗೆ ಹಿಡಿದರೆ, ನಲವತ್ತು ಜನ ಮಧುಮೇಹಿಗಳಿರುವ ಓಣಿಯಲ್ಲಿ ಹತ್ತು ಜನರ ಪಾದ ಮೂಕವಾಗಿರಬಹುದು. ಅವರಲ್ಲಿ ಸುಮಾರು ಐದು ಜನ ತಾವು ಚೆನ್ನಾಗಿದ್ದೇವೆಂದೇ ಹೇಳಬಹುದು. ಮಧುಮೇಹದಿಂದ ಕಾಲು ಕತ್ತರಿಸಬೇಕಾಗಿ ಬಂದ ಸಂದರ್ಭಗಳಲ್ಲಿ ನೂರಕ್ಕೆ ಸುಮಾರು 85ರಲ್ಲಿ ಮೊದಲು ಇದ್ದದ್ದು ಒಂದು ಹುಣ್ಣು. ಅದೂ ಬಹುಮಟ್ಟಿಗೆ ತಡೆಯಬಹುದಾಗಿದ್ದ ಹುಣ್ಣು.

ಕಂಡುಹಿಡಿಯುವ ಉಪಾಯ ಕಷ್ಟದ್ದಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ಯಂತ್ರವೇ ಬೇಡ. ಮಧುಮೇಹಿಯು ಕಣ್ಣು ಮುಚ್ಚಿರಲಿ. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ, ಒತ್ತಬಾರದು, ಸವರಬಾರದು. ಆರರಲ್ಲಿ ಎರಡೋ ಹೆಚ್ಚೋ ತಿಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿಯೂ ಇಂಥದೇ ಮರವು ಬರಬಹುದು, ಅದಕ್ಕೆ ಮದ್ದಿದೆ. ಆದ್ದರಿಂದ ಕಾರಣವನ್ನು ವೈದ್ಯರೇ ನಿಶ್ಚಯಿಸಬೇಕು, ಮಾತ್ರೆಯನ್ನು ತಾವಾಗಿ ಬಿಡಬಾರದು.

ಸಕ್ಕರೆಯನ್ನು ಹತೋಟಿಯಲ್ಲಿಡುವುದರ ಫಲ ಕಡಿಮೆಯದಲ್ಲ. ಇನ್ಸುಲಿನ್ನನ್ನೇ ನೆಚ್ಚಿದ ಮಧುಮೇಹಿಗಳ ಮೇಲೆ ಅಮೆರಿಕೆಯಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಬಿಗಿಯಾದ ಹತೋಟಿಯು ನರಹಾನಿಯನ್ನು ನೂರಕ್ಕೆ 60ರಷ್ಟು ತಗ್ಗಿಸಿತು. ನಡುವಯಸ್ಸಿನಲ್ಲಿ ಬರುವ ಸಾಮಾನ್ಯ ಮಧುಮೇಹದಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಂಡಿಲ್ಲ; ಹೋದ ಸ್ಪರ್ಶ ಪೂರ್ತಿ ಮರಳುವುದೂ ಅಪರೂಪ. ಆದಕಾರಣ ಉಳಿದ ಕೆಲಸವನ್ನು ಕಣ್ಣು ಮಾಡಬೇಕು. ಪ್ರತಿದಿನ ರಾತ್ರಿ ಅಂಗಾಲು, ಬೆರಳ ಸಂದು ನೋಡಬೇಕು. ತನಗೆ ಬಗ್ಗಲಾಗದಿದ್ದರೆ ಮೊಮ್ಮಕ್ಕಳು ನೋಡಲಿ. ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸದೆ ಮೊಣಕೈಯಿಂದ ಪರೀಕ್ಷಿಸಬೇಕು. ಬಿಗಿಯಾದ ಕಾಲುಂಗುರವನ್ನು ಸಡಿಲಿಸಬೇಕು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಇರಲಿ. ತೊಡುವ ಮುಂಚೆ ಅದನ್ನು ಕೊಡವಿ ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ತಂಬಾಕನ್ನು ಬಿಡಬೇಕು.

ನಮ್ಮ ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿಗೂ ಮಿಕ್ಕಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಅಷ್ಟು ಜನರ ಪಾದಗಳನ್ನು ಆಸ್ಪತ್ರೆಗಳಷ್ಟೇ ನೋಡಿ ಮುಗಿಸಲಾರವು. ಆರು ಬೆರಳು ಮುಟ್ಟಿ ನೋಡಲು ಒಂದು ನಿಮಿಷ ಸಾಕು. ಇಂದು ರಾತ್ರಿಯ ವಾರ್ತೆ ಮುಗಿದಮೇಲೆ ಮನೆಯ ಹಿರಿಯರ ಕಾಲನ್ನು ಒಮ್ಮೆ ದೀಪದ ಬೆಳಕಿನಲ್ಲಿ ನೋಡಿರಿ.