ಮಕ್ಕಳ ಮೌಂಟನ್ ಬೈಕ್

ಮಕ್ಕಳ ಮೌಂಟನ್ ಬೈಕ್ ಎಂಬುದು ಕಚ್ಚಾ ರಸ್ತೆ, ಕಾಡುದಾರಿ ಮತ್ತು ಕಲ್ಲುಮಣ್ಣಿನ ಇಳಿಜಾರುಗಳಲ್ಲಿ ಓಡಿಸಲು ತಕ್ಕಂತೆ ದಪ್ಪ ಟೈರು, ನೇರವಾದ ಹ್ಯಾಂಡಲ್‌ಬಾರ್ ಹಾಗೂ ಏರುದಾರಿಗೆ ಒದಗುವ ಗೇರುಗಳನ್ನು ಹೊಂದಿರುವ, ವಯಸ್ಕರ ಸೈಕಲ್‌ಗಿಂತ ಚಿಕ್ಕ ಅಳತೆಯ ಬೈಸಿಕಲ್ ಆಗಿದೆ. ಸುಮಾರು 8ರಿಂದ 13 ವರ್ಷದ ಮಕ್ಕಳಿಗೆ 24 ಅಂಗುಲ ಹಾಗೂ 26 ಅಂಗುಲ ಚಕ್ರದ ಮಾದರಿಗಳು ಹೆಚ್ಚಾಗಿ ಬಳಕೆಯಲ್ಲಿವೆ. ಈ ವಯಸ್ಸಿನ ಮಗು ಎರಡು ಮೂರು ವರ್ಷಗಳಲ್ಲಿ ಒಂದು ಸೈಕಲ್ಲನ್ನು ಮೀರಿ ಬೆಳೆಯುವುದರಿಂದ, ಕಡಿಮೆ ಬೆಲೆಯ ಅಥವಾ ಬಳಸಿದ ಸೈಕಲ್ಲನ್ನು ಕೊಂಡು ಅದರ ಕೆಲವು ಬಿಡಿಭಾಗಗಳನ್ನು ಬದಲಾಯಿಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿರುವ ಕ್ರಮ.

ಹಿನ್ನೆಲೆ

ಮೌಂಟನ್ ಬೈಕ್ ರೂಪುಗೊಂಡದ್ದೇ ಅಗ್ಗದ ಹಳೆಯ ಸೈಕಲ್‌ಗಳ ಸುಧಾರಣೆಯಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯ ಯುವಕರು ಶ್ವಿನ್ ಮೊದಲಾದ ಕಂಪನಿಗಳ ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಅಲ್ಪ ಬೆಲೆಗೆ ಕೊಂಡು, ಟಮಾಲ್ಪೈಸ್ ಬೆಟ್ಟದ ಸುತ್ತಲಿನ ಇಳಿಜಾರುಗಳಲ್ಲಿ ಓಡಿಸುತ್ತಿದ್ದರು. ಈ ಸೈಕಲ್‌ಗಳು 1930 ಮತ್ತು 40ರ ದಶಕಗಳಲ್ಲಿ ಬಹುಮಟ್ಟಿಗೆ ಹುಡುಗರಿಗಾಗಿಯೇ ಮಾರಾಟವಾಗಿದ್ದವು. 1976ರಲ್ಲಿ ಆರಂಭವಾದ ಅಲ್ಲಿನ ಇಳಿಜಾರು ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದು, ಹಿಂಚಕ್ರದ ಹಬ್‌ನೊಳಗಿನ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ, ಪ್ರತಿ ಓಟದ ನಂತರ ಅದನ್ನು ಮತ್ತೆ ತುಂಬಬೇಕಾಗುತ್ತಿದ್ದುದರಿಂದ. ಜೋ ಬ್ರೀಜ್ 1977ರಲ್ಲಿ ಈ ಬಳಕೆಗೆಂದೇ ಹೊಸ ಚೌಕಟ್ಟನ್ನು ನಿರ್ಮಿಸಿದರು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಇಂತಹ ಸೈಕಲ್‌ಗಳನ್ನು ಮಾರುವ ಕಂಪನಿಯನ್ನು ತೆರೆದರು. 1981ರಲ್ಲಿ ಬಂದ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾದರಿಯಿಂದ ಸಗಟು ಉತ್ಪಾದನೆ ವ್ಯಾಪಕವಾಯಿತು.

ಮಕ್ಕಳ ಮಾದರಿಗಳು ಬಹುಕಾಲ ವಯಸ್ಕರ ಸೈಕಲ್ಲಿನ ಹೊರರೂಪದ ಅನುಕರಣೆಗಳಾಗಿಯೇ ಉಳಿದವು. ಮಗುವಿನ ದೇಹದ ಅಳತೆಯನ್ನು ಮೊದಲಿಟ್ಟುಕೊಂಡು ಹಗುರವಾದ ಸೈಕಲ್‌ಗಳನ್ನು ರೂಪಿಸಿದವರಲ್ಲಿ, 2005ರಲ್ಲಿ ಬ್ರಿಟನ್ನಿನಲ್ಲಿ ಐಲಾ ರೌನ್‌ಟ್ರೀ ಸ್ಥಾಪಿಸಿದ ಐಲಾಬೈಕ್ಸ್ ಪ್ರಮುಖವಾದುದು. ಮುಂದೆ ಬ್ರಿಟನ್ನಿನ ಫ್ರಾಗ್ ಬೈಕ್ಸ್, ಆಸ್ಟ್ರಿಯಾದ ವೂಮ್ ಮೊದಲಾದವು ಇದೇ ಹಾದಿಯಲ್ಲಿ ನಡೆದವು. ಇವುಗಳ ಬೆಲೆ ಸಾಮಾನ್ಯ ಕುಟುಂಬಗಳಿಗೆ ಎಟುಕುವಂಥದ್ದಲ್ಲ. ಆದರೆ ಅವು ತೋರಿಸಿಕೊಟ್ಟ ತತ್ತ್ವಗಳನ್ನು ಅಗ್ಗದ ಸೈಕಲ್ಲಿಗೂ ಅನ್ವಯಿಸಬಹುದು.

ಗಾತ್ರ

ಮಕ್ಕಳ ಸೈಕಲ್‌ಗಳನ್ನು ಚಕ್ರದ ವ್ಯಾಸದಿಂದ ಗುರುತಿಸಲಾಗುತ್ತದೆ. 24 ಅಂಗುಲದ ಚಕ್ರವು ಸುಮಾರು 125ರಿಂದ 145 ಸೆಂ.ಮೀ. ಎತ್ತರದ ಮಗುವಿಗೆ ಹೊಂದುತ್ತದೆ. 140 ಸೆಂ.ಮೀ. ದಾಟಿದ ಮಗುವಿಗೆ 13 ಅಥವಾ 14 ಅಂಗುಲದ ಚಿಕ್ಕ ಚೌಕಟ್ಟುಳ್ಳ 26 ಅಂಗುಲದ ಸೈಕಲ್ ಒಗ್ಗುತ್ತದೆ. ವಯಸ್ಸಿಗಿಂತ ಎತ್ತರವೂ, ಎತ್ತರಕ್ಕಿಂತ ಕಾಲಿನ ಒಳ ಅಳತೆಯೂ ಹೆಚ್ಚು ನಂಬಲರ್ಹ. ಸೈಕಲ್ಲಿನ ಮೇಲ್ಕೊಳವೆಯ ಮೇಲೆ ಕಾಲುಗಳನ್ನು ಇಬ್ಬದಿಗೆ ಇಟ್ಟು ನಿಂತಾಗ ಮೂರರಿಂದ ಐದು ಸೆಂ.ಮೀ. ಅಂತರ ಉಳಿಯಬೇಕು.

‘ಬೆಳೆಯುವ ಮಗು, ಒಂದು ಅಳತೆ ದೊಡ್ಡದೇ ಇರಲಿ’ ಎಂಬುದು ಅಂಗಿಯ ವಿಷಯದಲ್ಲಿ ನಡೆಯುವ ಮಾತು. ಸೈಕಲ್ಲಿನ ವಿಷಯದಲ್ಲಿ ಅದು ಅಪಾಯಕರ. ಉದ್ದವಾದ ಚೌಕಟ್ಟಿನಲ್ಲಿ ಮಗು ಹ್ಯಾಂಡಲ್‌ಬಾರ್‌ಗೆ ಚಾಚಿಕೊಂಡು ಕುಳಿತಿರುತ್ತದೆ. ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಸರಿಸಲು ಅದಕ್ಕೆ ಆಗುವುದಿಲ್ಲ, ಥಟ್ಟನೆ ನಿಲ್ಲಿಸಿದಾಗ ಕಾಲು ನೆಲಕ್ಕೆ ಎಟುಕುವುದಿಲ್ಲ.

ಅಂಗುಲದ ಹೆಸರುಗಳು ದಾರಿ ತಪ್ಪಿಸುವುದೂ ಉಂಟು. ಮೌಂಟನ್ ಬೈಕಿನ 24 ಅಂಗುಲದ ರಿಮ್ಮಿನಲ್ಲಿ ಟೈರು ಕೂರುವ ಭಾಗದ ವ್ಯಾಸ 507 ಮಿ.ಮೀ., 26 ಅಂಗುಲದ್ದು 559 ಮಿ.ಮೀ. ಆದರೆ ‘26 × 1 3/8’ ಎಂಬ ಗುರುತಿನ ಟೈರು 590 ಮಿ.ಮೀ. ರಿಮ್ಮಿನದು. ಎರಡನ್ನೂ ಅಂಗಡಿಯವರು 26 ಎಂದೇ ಕರೆದರೂ ಒಂದರ ಟೈರು ಇನ್ನೊಂದಕ್ಕೆ ಕೂರದು. ಟೈರಿನ ಬದಿಯಲ್ಲಿ ಅಚ್ಚಾಗಿರುವ 50-507 ಮಾದರಿಯ ಸಂಖ್ಯೆಯನ್ನು ನೋಡಿಯೇ ಹೊಸ ಟೈರು ಕೊಳ್ಳಬೇಕಾಗುತ್ತದೆ.

ತೂಕ

ಅಗ್ಗದ ಮಕ್ಕಳ ಸೈಕಲ್‌ಗಳ ದೊಡ್ಡ ದೋಷ ಅವುಗಳ ಭಾರ. ಮುಂದೆಯೂ ಹಿಂದೆಯೂ ಸಸ್ಪೆನ್ಷನ್ ಇರುವ ಉಕ್ಕಿನ ಸೈಕಲ್ 15 ಕೆ.ಜಿ. ತೂಗಬಹುದು. 36 ಕೆ.ಜಿ. ತೂಕದ ಮಗುವಿಗೆ ಅದು ತನ್ನ ಮೈತೂಕದ ಶೇ. 40ಕ್ಕೂ ಹೆಚ್ಚು. 75 ಕೆ.ಜಿ.ಯ ವಯಸ್ಕನೊಬ್ಬ 31 ಕೆ.ಜಿ.ಯ ಸೈಕಲ್ಲನ್ನು ಬೆಟ್ಟ ಹತ್ತಿಸುವುದಕ್ಕೆ ಇದು ಸಮ. ಮೊದಲ ಏರಿನಲ್ಲಿಯೇ ಇಳಿದು ತಳ್ಳುವ ಮಗುವನ್ನು ಸೋಮಾರಿಯೆಂದು ಬಗೆಯುವ ಹಿರಿಯರು ಈ ಲೆಕ್ಕವನ್ನು ಸಾಮಾನ್ಯವಾಗಿ ಮಾಡಿರುವುದಿಲ್ಲ. ಸರಳವಾದ ಅಲ್ಯೂಮಿನಿಯಂ ಚೌಕಟ್ಟು, ಗಟ್ಟಿ ಫೋರ್ಕ್ ಮತ್ತು ಮುಂದೆ ಒಂದೇ ಹಲ್ಲುಗಾಲಿ ಇರುವ 24 ಅಂಗುಲದ ಸೈಕಲ್ 11 ಕೆ.ಜಿ.ಯ ಆಸುಪಾಸಿನಲ್ಲಿರಬಹುದು.

ಸಸ್ಪೆನ್ಷನ್

ಕೊಳ್ಳುವವರನ್ನು ಮೊದಲು ಸೆಳೆಯುವುದು ಸಸ್ಪೆನ್ಷನ್ ಫೋರ್ಕ್. ಅಗ್ಗದ ಮಾದರಿಗಳಲ್ಲಿ ಅತಿ ಕಡಿಮೆ ಪ್ರಯೋಜನಕ್ಕೆ ಬರುವುದೂ ಅದೇ. ಇಂತಹ ಫೋರ್ಕಿನೊಳಗಿನ ಉಕ್ಕಿನ ಸುರುಳಿ ಭಾರವಾದ ಸವಾರನಿಗೆ ಹೊಂದುವಷ್ಟು ಬಿಗಿಯಾಗಿರುತ್ತದೆ. ಮಗುವಿನ ತೂಕಕ್ಕೆ ಅದು ಕುಗ್ಗುವುದು ತೀರಾ ಅಲ್ಪ. ಫೋರ್ಕು ಎರಡು ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ, ಪ್ರತಿಯಾಗಿ ಕೊಡುವುದು ಬಹುಪಾಲು ನೋಟವನ್ನಷ್ಟೆ.

ಫೋರ್ಕು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಒಳಕೊಳವೆಗೆ ತೆಳುವಾದ ರಬ್ಬರ್ ಬ್ಯಾಂಡ್ ಸುತ್ತಿ, ಅದನ್ನು ಕೆಳಗಿನ ಸೀಲಿನವರೆಗೆ ಸರಿಸಿ, ಮಗುವನ್ನು ಉಬ್ಬುತಗ್ಗಿನ ದಾರಿಯಲ್ಲಿ ಓಡಿಸಲು ಬಿಡಬೇಕು. ಬ್ಯಾಂಡ್ ಒಂದೆರಡು ಸೆಂ.ಮೀ. ಮಾತ್ರ ಮೇಲೇರಿದ್ದರೆ ಉಳಿದ ಚಲನೆ ವ್ಯರ್ಥವೆಂದೇ ಅರ್ಥ. ಗಾಳಿ ತುಂಬುವ ಫೋರ್ಕುಗಳಲ್ಲಿ ಒತ್ತಡವನ್ನು ಮಗುವಿನ ತೂಕಕ್ಕೆ ಇಳಿಸಬಹುದಾದರೂ, 24 ಅಂಗುಲದ ಅಂತಹ ಫೋರ್ಕಿನ ಬೆಲೆ ಅಗ್ಗದ ಸೈಕಲ್ಲಿನ ಬೆಲೆಯನ್ನೇ ಮೀರುವುದುಂಟು. ಅಂಥಲ್ಲಿ ಗಟ್ಟಿ ಫೋರ್ಕು ಮತ್ತು ಎರಡು ಅಂಗುಲದ ಟೈರುಗಳ ಜೋಡಿಯೇ ಮೇಲು. ಬದಲಾಯಿಸುವವರು ಹೊಸ ಫೋರ್ಕಿನ ಉದ್ದ ಹಳೆಯದಕ್ಕೆ ಸಮೀಪವಿರುವುದನ್ನು ನೋಡಿಕೊಳ್ಳಬೇಕು. ಉದ್ದ ಬಹಳ ವ್ಯತ್ಯಾಸವಾದರೆ ಚೌಕಟ್ಟಿನ ಓರೆ ಬದಲಾಗಿ ಸೈಕಲ್ಲಿನ ತಿರುಗುವ ಗುಣವೇ ಕೆಡುತ್ತದೆ.

ಬ್ರೇಕು

ಇಡೀ ಸೈಕಲ್ಲಿನಲ್ಲಿ ಹಣ ಉಳಿಸಬಾರದ ಜಾಗ ಬ್ರೇಕು. ಮಗುವಿನ ಬೆರಳುಗಳು ಚಿಕ್ಕವು, ಹಿಡಿತದ ಬಲ ಕಡಿಮೆ. ವಯಸ್ಕರಿಗೆಂದು ಮಾಡಿದ ಲಿವರ್ ಹಿಡಿಕೆಯಿಂದ ದೂರವಿದ್ದರೆ, ಮಗು ಬೆರಳಿನ ತುದಿಯಿಂದ ಮಾತ್ರ ಅದನ್ನು ಎಳೆಯುತ್ತದೆ. ಬಹುತೇಕ ಲಿವರ್‌ಗಳಲ್ಲಿ ಇದನ್ನು ಸರಿಪಡಿಸಲೆಂದೇ ಸಣ್ಣ ತಿರುಪೊಂದು ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹಿಡಿಕೆಯ ಹತ್ತಿರ ಬರುತ್ತದೆ. ಖರ್ಚಿಲ್ಲದ ಈ ಒಂದು ಕೆಲಸ ಹಲವು ಬೀಳುವಿಕೆಗಳನ್ನು ತಪ್ಪಿಸಬಲ್ಲದು.

ಡಿಸ್ಕ್ ಬ್ರೇಕ್ ಎಂದೊಡನೆ ಉತ್ತಮವೆಂದು ಭಾವಿಸಬೇಕಿಲ್ಲ. ತಂತಿಯಿಂದ ಎಳೆಯುವ ಅಗ್ಗದ ಡಿಸ್ಕ್ ಬ್ರೇಕಿಗೆ ಹೆಚ್ಚು ಬಲ ಬೇಕು, ಅದನ್ನು ಮತ್ತೆ ಮತ್ತೆ ಹೊಂದಿಸಬೇಕು. ಶಿಮಾನೊ 1996ರಲ್ಲಿ ಹೊರತಂದ ವಿ-ಬ್ರೇಕ್ ಇದಕ್ಕಿಂತ ಹಗುರ, ಬಿಡಿಭಾಗ ಅಗ್ಗ, ಒಣ ದಾರಿಯಲ್ಲಿ ನಿಲ್ಲಿಸುವ ಶಕ್ತಿಯೂ ಚೆನ್ನ. ಮಳೆ ಮತ್ತು ಕೆಸರಿನಲ್ಲಿ ಮಾತ್ರ ರಿಮ್ ಬ್ರೇಕು ಸೋಲುತ್ತದೆ. ದ್ರವಚಾಲಿತ ಡಿಸ್ಕ್ ಬ್ರೇಕು ಒಂದೇ ಬೆರಳಿಗೆ ಬಗ್ಗುವುದರಿಂದ ಮಕ್ಕಳಿಗೆ ಎಲ್ಲಕ್ಕಿಂತ ಉತ್ತಮ. ಆದರೆ ಚೌಕಟ್ಟು ಮತ್ತು ಫೋರ್ಕಿನಲ್ಲಿ ಕ್ಯಾಲಿಪರ್ ಕೂರಿಸುವ ಜಾಗ, ಹಬ್‌ಗಳಲ್ಲಿ ಡಿಸ್ಕ್ ಕೂರಿಸುವ ಜಾಗ ಮೊದಲೇ ಇರದಿದ್ದರೆ ಅದನ್ನು ಸೇರಿಸುವುದು ಲಾಭಕರವಲ್ಲ. ವಿ-ಬ್ರೇಕಿರುವ ಸೈಕಲ್ಲಿಗೆ ಒಳ್ಳೆಯ ರಬ್ಬರ್ ಪ್ಯಾಡು, ಹೊಸ ಒಳತಂತಿ ಮತ್ತು ಹೊರಕವಚ ಹಾಕಿದರೆ ಲಿವರ್ ಎಳೆಯಲು ಬೇಕಾದ ಬಲ ಸ್ಪಷ್ಟವಾಗಿ ಇಳಿಯುತ್ತದೆ.

ಗೇರು ಮತ್ತು ಕ್ರ್ಯಾಂಕ್

ಅಗ್ಗದ ಸೈಕಲ್‌ಗಳ ಜಾಹೀರಾತಿನಲ್ಲಿ 18 ಅಥವಾ 21 ಗೇರುಗಳೆಂದು ದೊಡ್ಡ ಅಕ್ಷರಗಳಲ್ಲಿ ಇರುತ್ತದೆ. ಮುಂದಿನ ಮೂರು ಮತ್ತು ಹಿಂದಿನ ಏಳು ಹಲ್ಲುಗಾಲಿಗಳ ಗುಣಲಬ್ಧವೇ 21. ಅವುಗಳಲ್ಲಿ ಹಲವು ಒಂದಕ್ಕೊಂದು ಸಮೀಪವಿದ್ದು ಬೇರೆ ಗೇರುಗಳೆಂದು ಎಣಿಸಲಾಗದಂಥವು. ಸರಪಳಿ ತೀರಾ ಓರೆಯಾಗುವ ಜೋಡಣೆಗಳನ್ನಂತೂ ಬಳಸಲೇಬಾರದು. ಮಗುವಿಗೆ ಬೇಕಾದದ್ದು ಗೇರುಗಳ ಸಂಖ್ಯೆಯಲ್ಲ, ಏರಿಗೆ ಸಾಕಷ್ಟು ಹಗುರವಾದ ಒಂದು ಗೇರು. 24 ಅಂಗುಲದ ಚಕ್ರ, ಮುಂದೆ 32 ಹಲ್ಲು, ಹಿಂದೆ 34 ಹಲ್ಲು ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 1.8 ಮೀಟರ್ ಮುಂದೆ ಸಾಗುತ್ತದೆ. ಮುಂದೆ 42 ಹಲ್ಲುಗಳ ಒಂದೇ ಗಾಲಿ ಇದ್ದರೆ ಅದು 2.3 ಮೀಟರಿಗೂ ಮೀರುತ್ತದೆ. ಕಡಿದಾದ ಏರಿನಲ್ಲಿ ಕುಳಿತು ತುಳಿಯುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ಅಂತರ ಇಷ್ಟೇ.

ಹಿಂದಿನ ಹಲ್ಲುಗಾಲಿಗಳ ಗುಚ್ಛದಲ್ಲಿ ಎರಡು ಬಗೆಗಳಿವೆ: ಹಬ್‌ಗೆ ಮರೆಯಂತೆ ತಿರುಗಿಸಿ ಕೂರಿಸುವ ಫ್ರೀವೀಲ್ ಮತ್ತು ಗಾಡಿಯಂತೆ ಜಾರಿಸಿ ಕೂರಿಸುವ ಕ್ಯಾಸೆಟ್. ಅಗ್ಗದ ಸೈಕಲ್‌ಗಳಲ್ಲಿ ಇರುವುದು ಹೆಚ್ಚಾಗಿ 14ರಿಂದ 28 ಹಲ್ಲುಗಳ ಏಳು ವೇಗದ ಫ್ರೀವೀಲ್. ಇದನ್ನು 14–34ರ ಫ್ರೀವೀಲಿಗೆ ಬದಲಾಯಿಸಿದರೆ ಅತಿ ಹಗುರ ಗೇರು ಐದನೇ ಒಂದು ಭಾಗಕ್ಕೂ ಹೆಚ್ಚು ಸುಲಭವಾಗುತ್ತದೆ. ಹಿಂದಿನ ಡೆರೈಲರ್ 34 ಹಲ್ಲನ್ನು ತಲುಪಬಲ್ಲುದೇ ಎಂದು ಮೊದಲು ನೋಡಬೇಕು, ಸರಪಳಿಯೂ ತುಸು ಉದ್ದವಾಗಬೇಕಾಗಬಹುದು. ಹಿಡಿಕೆಯನ್ನು ತಿರುಚಿ ಗೇರು ಬದಲಿಸುವ ಬಗೆ ಚಿಕ್ಕ ಕೈಗಳಿಗೆ ಕಷ್ಟ. ಹೆಬ್ಬೆರಳಿನಿಂದ ಒತ್ತುವ ಶಿಫ್ಟರ್ ಸುಲಭ.

ಕ್ರ್ಯಾಂಕಿನ ಉದ್ದವನ್ನು ಗಮನಿಸುವವರು ವಿರಳ. ವಯಸ್ಕರ ಸೈಕಲ್ಲಿನಲ್ಲಿ ಅದು 170 ಅಥವಾ 175 ಮಿ.ಮೀ. ಇರುತ್ತದೆ, 24 ಅಂಗುಲದ ಸೈಕಲ್ ಓಡಿಸುವ ಮಗುವಿಗೆ 140ರಿಂದ 152 ಮಿ.ಮೀ. ಸಾಕು. ಉದ್ದ ಕ್ರ್ಯಾಂಕಿನಲ್ಲಿ ಮೊಣಕಾಲು ಎದೆಯತ್ತ ಮಡಚಿಕೊಳ್ಳುತ್ತದೆ, ತಿರುವಿನಲ್ಲಿ ಪೆಡಲ್ ನೆಲಕ್ಕೆ ತಗಲುವ ಸಂಭವವೂ ಹೆಚ್ಚು. ಚೌಕಾಕಾರದ ಅಚ್ಚಿನ ಕ್ರ್ಯಾಂಕ್ ಇದ್ದರೆ ಒಂದು ಕೀಲುತೆಗೆಯುವ ಸಾಧನದಿಂದ ಅದನ್ನು ಬದಲಾಯಿಸಬಹುದು. ಎಡ ಪೆಡಲಿನ ಮರೆ ವಿರುದ್ಧ ದಿಕ್ಕಿನದು ಎಂಬುದನ್ನು ಮರೆತವರು ಕ್ರ್ಯಾಂಕನ್ನೇ ಹಾಳುಮಾಡುತ್ತಾರೆ.

ಬಳಸಿದ ಸೈಕಲ್

1990ರ ದಶಕದ ಚಿಕ್ಕ ಚೌಕಟ್ಟಿನ, ಗಟ್ಟಿ ಫೋರ್ಕಿನ, ಕ್ರೋಮ್-ಮಾಲಿಬ್ಡಿನಂ ಉಕ್ಕಿನ ವಯಸ್ಕರ ಮೌಂಟನ್ ಬೈಕು 11–13 ವರ್ಷದ ಮಗುವಿಗೆ ಅತ್ಯುತ್ತಮ ಆಯ್ಕೆಗಳಲ್ಲೊಂದು. 2010ರ ದಶಕದಲ್ಲಿ 29 ಮತ್ತು 27.5 ಅಂಗುಲದ ಚಕ್ರಗಳು ಮಾರುಕಟ್ಟೆಯನ್ನು ಆವರಿಸಿದ ಮೇಲೆ ಯೂರೋಪು, ಅಮೆರಿಕಗಳಲ್ಲಿ 26 ಅಂಗುಲದ ಒಳ್ಳೆಯ ಸೈಕಲ್‌ಗಳೂ ಕಡಿಮೆ ಬೆಲೆಗೆ ಸಿಗತೊಡಗಿದವು. ಟೈರು, ಟ್ಯೂಬುಗಳು ಈಗಲೂ ಲಭ್ಯವಿವೆ. ಆ ಕಾಲದ ಕ್ಯಾಂಟಿಲಿವರ್ ಬ್ರೇಕಿನ ಗೂಟಗಳಿಗೇ ವಿ-ಬ್ರೇಕನ್ನು ಕೂರಿಸಬಹುದು. ಆದರೆ ವಿ-ಬ್ರೇಕು ಹೆಚ್ಚು ತಂತಿಯನ್ನು ಎಳೆಯುವ ಬೇರೆ ಲಿವರ್‌ಗಳನ್ನು ಬೇಡುತ್ತದೆ.

ಕೊಳ್ಳುವಾಗ ಚೌಕಟ್ಟಿನ ತಲೆಕೊಳವೆಯ ಕೆಳಗಿನ ಬೆಸುಗೆಯಲ್ಲಿ ಬಿರುಕು ಅಥವಾ ಬಣ್ಣದ ಸುಕ್ಕು ಇದೆಯೇ, ಸೀಟಿನ ಕಂಬ ಸರಾಗವಾಗಿ ಹೊರಬರುತ್ತದೆಯೇ, ರಿಮ್ಮಿನ ಬದಿ ಸವೆದು ಒಳಗುಳಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಮೊದಲನೆಯದು ಇದ್ದರೆ ಆ ಸೈಕಲ್ಲನ್ನು ಯಾವ ಬೆಲೆಗೂ ಕೊಳ್ಳಬಾರದು. ಸರಪಳಿಯ 12 ಪೂರ್ಣ ಕೊಂಡಿಗಳು ಹೊಸದರಲ್ಲಿ ಸರಿಯಾಗಿ 12 ಅಂಗುಲ ಇರುತ್ತವೆ. ಅದು ಅಂಗುಲದ ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಸರಪಳಿಯ ಜೊತೆಗೆ ಹಿಂದಿನ ಹಲ್ಲುಗಾಲಿಗಳನ್ನೂ ಬದಲಾಯಿಸುವ ಖರ್ಚನ್ನು ಎಣಿಸಬೇಕು.

ಸುಧಾರಣೆಯ ಕ್ರಮ

ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಡುವುದು ಟೈರು. ಅಗ್ಗದ ಸೈಕಲ್ಲಿನ ತಂತಿ ಅಂಚಿನ ಗಡುಸು ಟೈರಿನ ಬದಲು ಮಡಚಬಹುದಾದ ಮೆತ್ತನೆಯ ಟೈರು ಹಾಕಿದರೆ ಎರಡು ಚಕ್ರಗಳಿಂದ ಅರ್ಧ ಕೆ.ಜಿ.ಗೂ ಹೆಚ್ಚು ಇಳಿಯಬಹುದು. ಗಾಳಿಯ ಒತ್ತಡವನ್ನು ಇಳಿಸುವುದಕ್ಕೆ ಹಣವೇ ಬೇಡ. 35 ಕೆ.ಜಿ.ಯ ಮಗುವಿಗೆ ಎರಡು ಅಂಗುಲದ ಟೈರಿನಲ್ಲಿ 20ರಿಂದ 25 ಪಿಎಸ್ಐ ಕಾಡುದಾರಿಗೆ ಸಾಕಾಗುತ್ತದೆ, ಟೈರಿನ ಬದಿಯಲ್ಲಿ ಅಚ್ಚಾದ ಕನಿಷ್ಠ ಮಿತಿಗಿಂತ ಕೆಳಗಿಳಿಸದಿದ್ದರಾಯಿತು. ಅನಂತರದ್ದು ಕೈಕಾಲು ತಾಗುವ ಭಾಗಗಳು: ತೆಳುವಾದ ಹಿಡಿಕೆ, ಮುಳ್ಳುಗಳಿರುವ ಅಗಲವಾದ ಪ್ಲಾಸ್ಟಿಕ್ ಪೆಡಲ್, ಚಿಕ್ಕ ಸೀಟು. ಲೋಹದ ಹ್ಯಾಂಡಲ್‌ಬಾರ್ ಭುಜಕ್ಕಿಂತ ಬಹಳ ಅಗಲವಿದ್ದರೆ ಎರಡೂ ತುದಿಗಳನ್ನು ಸಮವಾಗಿ ಗರಗಸದಿಂದ ಕತ್ತರಿಸಿ, ತುದಿಗೆ ಮುಚ್ಚಳ ಹಾಕಬಹುದು.

ಬ್ರೇಕಿನ ಪ್ಯಾಡು ಮತ್ತು ತಂತಿ ಈ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ, ಅದನ್ನು ಸುಧಾರಣೆ ಎನ್ನುವುದಕ್ಕಿಂತ ದುರಸ್ತಿ ಎನ್ನುವುದೇ ಸರಿ. ಗೇರಿನ ಬದಲಾವಣೆ ಕೊನೆಗೆ. ಹೊಸ ಚಕ್ರಗಳು, ದುಬಾರಿ ಫೋರ್ಕು, ಹೆಚ್ಚು ವೇಗಗಳ ಗೇರು ಇವು ಅಗ್ಗದ ಚೌಕಟ್ಟಿಗೆ ಸಲ್ಲವು: ಬಿಡಿಭಾಗಗಳ ಒಟ್ಟು ವೆಚ್ಚ ಸೈಕಲ್ಲಿನ ಬೆಲೆಯ ಅರ್ಧವನ್ನು ಮೀರುವುದಾದರೆ, ಆ ಹಣವನ್ನು ಸೇರಿಸಿ ಮೊದಲೇ ಉತ್ತಮ ಸೈಕಲ್ ಕೊಳ್ಳುವುದು ಲೇಸು.

ಭಾರತದಲ್ಲಿ

ಭಾರತದಲ್ಲಿ ‘ಗೇರ್ ಸೈಕಲ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಸೈಕಲ್‌ಗಳು ಮೌಂಟನ್ ಬೈಕಿನ ರೂಪದವು. ಲೂಧಿಯಾನದ ಹೀರೊ ಸೈಕಲ್ಸ್, ಚೆನ್ನೈನ ಟಿಐ ಸೈಕಲ್ಸ್ ಮೊದಲಾದವು ಇವುಗಳ ತಯಾರಕರು. ಫ್ರಾನ್ಸಿನ ಡೆಕಾಥ್ಲಾನ್ ಕಂಪನಿಯ ರಾಕ್‌ರೈಡರ್ ಸೈಕಲ್‌ಗಳೂ ದೊರೆಯುತ್ತವೆ. ಆ ಕಂಪನಿ ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು 2009ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಕರ್ನಾಟಕ ಸರ್ಕಾರ 2006–07ರಿಂದ 8ನೇ ತರಗತಿಯ ವಿದ್ಯಾರ್ಥಿಗಳಿಗೆ ನೀಡತೊಡಗಿದ ಉಚಿತ ಸೈಕಲ್‌ಗಳು ಗೇರಿಲ್ಲದ ಸಾಮಾನ್ಯ ಬಗೆಯವು. ಊರಿನ ಯಾವ ಸೈಕಲ್ ಅಂಗಡಿಯಲ್ಲಿಯೂ ಅವುಗಳ ದುರಸ್ತಿ ಸಾಧ್ಯ. ಗೇರ್ ಸೈಕಲ್ಲಿನ ಮಾತು ಹಾಗಲ್ಲ. ಡೆರೈಲರ್ ಹೊಂದಿಸಬಲ್ಲ ಕೆಲಸಗಾರ ಸಣ್ಣ ಊರುಗಳಲ್ಲಿ ದುರ್ಲಭನಾದ್ದರಿಂದ, ಅಲ್ಲಿ ಹಿಂದೆ ಮಾತ್ರ ಗೇರಿರುವ ಅಥವಾ ಗೇರೇ ಇಲ್ಲದ ಸೈಕಲ್ ವಿವೇಕದ ಆಯ್ಕೆ.

ಅಂತರಜಾಲದಲ್ಲಿ ಕೊಂಡ ಸೈಕಲ್‌ಗಳು ಭಾಗಶಃ ಜೋಡಿಸಿದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿ ಬರುತ್ತವೆ. ಮನೆಯಲ್ಲಿ ಜೋಡಿಸುವಾಗ ಫೋರ್ಕು ಹಿಂದುಮುಂದಾಗಿ ಉಳಿಯುವುದು ಪದೇ ಪದೇ ಕಾಣುವ ತಪ್ಪು. ಮುಂದಿನ ವಿ-ಬ್ರೇಕ್ ಅಥವಾ ಫೋರ್ಕಿನ ಸೇತುವೆ ಸವಾರನತ್ತ ಮುಖ ಮಾಡಿದ್ದರೆ ಹೀಗಾಗಿದೆಯೇ ಎಂದು ತಯಾರಕರ ಚಿತ್ರದೊಡನೆ ಹೋಲಿಸಿ ನೋಡಬೇಕು. ಸೀಟಿನ ಕಂಬವನ್ನು ಅದರ ಮೇಲೆ ಕೊರೆದಿರುವ ಕನಿಷ್ಠ ಗೆರೆಗಿಂತ ಹೊರಕ್ಕೆ ಎಳೆಯಬಾರದು. ಆ ಗೆರೆ ಕಾಣುವಷ್ಟು ಎತ್ತರಿಸಬೇಕಾಗಿ ಬಂದರೆ ಮಗುವಿಗೆ ಮುಂದಿನ ಅಳತೆಯ ಸೈಕಲ್ ಬೇಕಾಗಿದೆ.